ಹಡಗಿನ ಊಟಕ್ಕೆ ಯಾವ ಉಡುಪು?
ಪ್ರಯಾಣಕ್ಕೆ ಮೊದಲೇ ಯೋಚಿಸಬೇಕಾದ ಕೆಲವು ಸಂಗತಿಗಳು

ಮಳೆಗಾಲ ಕಳೆದು ಕಡಲು ಶಾಂತವಾಗುತ್ತಲೇ ಕೊಚ್ಚಿಯ ಬಂದರಿಗೆ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಎರ್ನಾಕುಲಂನ ಕಡಲದಂಡೆಯಲ್ಲಿ ಸಂಜೆಯ ಗಾಳಿ ಸೇವಿಸಲು ಬರುವ ನಮ್ಮ ಹೋಟೆಲು ಬಂಧುಗಳೂ ಕಚೇರಿಯ ಗುಮಾಸ್ತರೂ ನೀರಿನಾಚೆ ನಿಂತ ಆ ಬಿಳಿಯ ಹಡಗುಗಳ ದೀಪಗಳನ್ನು ದೂರದಿಂದಲೇ ನೋಡಿ ಮನೆಗೆ ಮರಳುವುದು ವಾಡಿಕೆ. ಆ ಹಡಗು ಬೇರೆಯವರದು, ಅಲ್ಲಿನ ಭೋಜನಶಾಲೆ ಬೇರೆಯವರದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಕಾಲ ಬದಲಾಗಿದೆ. ಪರದೇಶದಲ್ಲಿ ಉದ್ಯೋಗದಲ್ಲಿರುವ ಮಗನೋ ಮಗಳೋ ತಂದೆತಾಯಿಗಳಿಗೆಂದು ಹಡಗಿನ ಟಿಕೇಟು ಕೊಂಡು ಕಳುಹಿಸುವ ಪ್ರಸಂಗಗಳು ನಮ್ಮವರಲ್ಲಿಯೂ ಈಗ ಅಪರೂಪವಲ್ಲ.

ಎರ್ನಾಕುಲಂನ ಉಡುಪಿ ಹೋಟೆಲೊಂದರಲ್ಲಿ ಮಾಣಿಯಾಗಿ ಸೇರಿ, ಗಲ್ಲಾದವರೆಗೆ ಏರಿ, ಮೂವತ್ತಾರು ವರ್ಷ ದುಡಿದು ವಿಶ್ರಾಂತರಾದ ಹಿರಿಯರೊಬ್ಬರು ಇಂಥದೇ ಟಿಕೇಟನ್ನು ಹಿಡಿದುಕೊಂಡು ಒಂದು ದಿನ ನಮ್ಮಲ್ಲಿಗೆ ಬಂದರು. ಏಳು ರಾತ್ರಿಗಳ ಯಾನ. ಮಗನ ಉಡುಗೊರೆ. ಆದರೆ ಅವರ ಮುಖದಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಾಗಿತ್ತು. ಟಿಕೇಟಿನೊಡನೆ ಬಂದ ಸೂಚನಾಪತ್ರದಲ್ಲಿ, ಎರಡು ಸಂಜೆಗಳ ಭೋಜನಕ್ಕೆ ಔಪಚಾರಿಕ ಉಡುಪು ಧರಿಸಿ ಬರತಕ್ಕದ್ದು ಎಂದು ಬರೆದಿತ್ತು.

“ಮೂವತ್ತಾರು ವರ್ಷ ಊಟ ಬಡಿಸಿದವನು ನಾನು ಮಾರಾಯರೇ. ಈಗ ಕೂತು ಉಣ್ಣಲಿಕ್ಕೆ ಕೋಟು ಬೇಕಂತೆ. ಚಿಟ್ಟಿಯ ಹಣ ಕೈಗೆ ಬಂದಿದೆ. ಊರಿನ ಮನೆಯ ಮಾಡಿಗೆಂದು ಇಟ್ಟದ್ದು. ಅದರಲ್ಲೇ ಒಂದು ಸೂಟು ಹೊಲಿಸಿಬಿಡಲೇ? ಇಲ್ಲ, ಹೋಗುವುದೇ ಬೇಡವೆಂದು ಮಗನಿಗೆ ಬರೆಯಲೇ?” ಎಂದು ಅವರು ಕೇಳಿದರು.

ಈ ಪ್ರಶ್ನೆ ಅವರೊಬ್ಬರದಲ್ಲ. ಎರಡು ಸಂಜೆಗಳಿಗಾಗಿ ವರ್ಷಗಳ ಉಳಿತಾಯವನ್ನು ವೆಚ್ಚ ಮಾಡುವುದು ಒಂದು ತಪ್ಪು. ಉಡುಪಿನ ಅಂಜಿಕೆಯಿಂದ ಮಗನು ಪ್ರೀತಿಯಿಂದ ಕೊಟ್ಟದ್ದನ್ನು ನಿರಾಕರಿಸುವುದು ಇನ್ನೊಂದು ತಪ್ಪು. ಇವೆರಡರ ನಡುವೆ ಒಂದು ದಾರಿಯಿದೆ. ಆ ದಾರಿಯ ಹೆಸರು ಮುಂದಾಲೋಚನೆ.

ಈ ಪದ್ಧತಿ ಎಲ್ಲಿಂದ ಬಂತು?

ಹಡಗಿನಲ್ಲಿ ರಾತ್ರಿಯ ಭೋಜನಕ್ಕೆ ವಿಶೇಷ ಉಡುಪು ಧರಿಸುವ ರೂಢಿ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಸಿರಿವಂತರ ಮನೆಗಳಿಂದ ಬಂದದ್ದು. ಮನೆಯಲ್ಲಿ ಊಟಕ್ಕೆ ಉಡುಪು ಬದಲಾಯಿಸುತ್ತಿದ್ದವರು ಹಡಗಿನಲ್ಲಿಯೂ ಹಾಗೆಯೇ ಮಾಡಿದರು. ವಾರಗಟ್ಟಲೆ ಕಡಲಿನ ಹೊರತು ಬೇರೇನೂ ಕಾಣದ ಪ್ರಯಾಣಿಕರಿಗೆ ಈ ಸಂಜೆಯ ಅಲಂಕಾರವೇ ಒಂದು ಕಾಲಕ್ಷೇಪವೂ ಆಗಿತ್ತು.

ಆಗಿನ ಪ್ರಯಾಣಿಕರು ಪೆಟ್ಟಿಗೆಗಳನ್ನು ಕಟ್ಟುವಾಗಲೇ ಈ ವಿಷಯವನ್ನು ಲೆಕ್ಕಹಾಕುತ್ತಿದ್ದರು. ಪೆಟ್ಟಿಗೆಗಳ ಮೇಲೆ ಅಂಟಿಸುವ ಚೀಟಿಗಳಲ್ಲಿ ಬಗೆಗಳಿದ್ದವು. ‘ಯಾನದಲ್ಲಿ ಬೇಕಾದುದು’ ಎಂಬ ಚೀಟಿಯ ಪೆಟ್ಟಿಗೆ ದಾರಿಯಲ್ಲಿ ಕೈಗೆ ಸಿಗುವ ಕೋಣೆಗೆ ಹೋಗುತ್ತಿತ್ತು. ‘ಯಾನದಲ್ಲಿ ಬೇಡವಾದುದು’ ಎಂಬ ಚೀಟಿಯದು ಹಡಗಿನ ಒಡಲಾಳಕ್ಕೆ ಇಳಿದುಬಿಡುತ್ತಿತ್ತು. ಸಂಜೆಯ ಕೋಟನ್ನು ತಪ್ಪಿ ಎರಡನೆಯದರಲ್ಲಿಟ್ಟವನು ದಡ ಸೇರುವವರೆಗೂ ಅದನ್ನು ಕಾಣುವಂತಿರಲಿಲ್ಲ. ಮೊದಲನೆಯ ರಾತ್ರಿ ಮಾತ್ರ ಯಾರೂ ವಿಶೇಷ ಉಡುಪು ಧರಿಸತಕ್ಕದ್ದಿಲ್ಲವೆಂಬ ವಾಡಿಕೆಯಿತ್ತು. ಕಾರಣ ಸರಳ: ಪೆಟ್ಟಿಗೆಗಳನ್ನು ಆಗಿನ್ನೂ ಬಿಚ್ಚಿರುತ್ತಿರಲಿಲ್ಲ. ಈ ವಾಡಿಕೆ ಬಹುತೇಕ ಹಡಗುಗಳಲ್ಲಿ ಇಂದಿಗೂ ಉಳಿದಿದೆ.

ಕೆಂಪು ಸಮುದ್ರದ ಸೆಕೆಯಲ್ಲಿ ಉಣ್ಣೆಯ ಕೋಟು ಹಾಕಿಕೊಂಡು ಉಣ್ಣಲಾರದೆ ಆ ಬಿಳಿಯರೇ ಒಂದು ರಿಯಾಯಿತಿಯನ್ನು ಮಾಡಿಕೊಂಡರು. ಕೋಟನ್ನು ಬಿಟ್ಟು, ಬಿಳಿಯ ಅಂಗಿಯ ಮೇಲೆ ನಡುವಿಗೆ ಒಂದು ಅಗಲವಾದ ಪಟ್ಟಿಯನ್ನು ಕಟ್ಟಿಕೊಂಡರೆ ಸಾಕೆಂದಾಯಿತು. ಆ ನಡುಪಟ್ಟಿಯ ಹೆಸರು ಕಮರಬಂದ್. ಹೆಸರು ಪಾರಸಿಯದು, ಭಾರತದಲ್ಲಿದ್ದ ಇಂಗ್ಲಿಷ್ ಸೈನ್ಯಾಧಿಕಾರಿಗಳು ಇಲ್ಲಿನವರನ್ನು ನೋಡಿ ಕಲಿತದ್ದು. ಇಂದಿಗೂ ಪಾಶ್ಚಾತ್ಯರ ಅತ್ಯಂತ ಔಪಚಾರಿಕವಾದ ಸಂಜೆಯ ಉಡುಪಿನಲ್ಲಿ ನಮ್ಮ ದೇಶದ ಒಂದು ನಡುಕಟ್ಟು ಸೇರಿಕೊಂಡಿದೆ ಎಂಬುದನ್ನು ನೆನೆದರೆ ನಮ್ಮ ಅಂಜಿಕೆ ಅರ್ಧ ಕಡಮೆಯಾದೀತು.

ಉಡುಪಿನ ಕಟ್ಟಳೆ ನಮಗೆ ಹೊಸದೇ?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ನಮ್ಮದೇ. ಒಂದು ಸ್ಥಳಕ್ಕೆ ಒಂದು ಉಡುಪು ಎಂಬ ಕಟ್ಟಳೆ ತಿರುವನಂತಪುರದಲ್ಲಿರುವ ಕನ್ನಡಿಗರಿಗಂತೂ ನಿತ್ಯದ ಅನುಭವ. ಶ್ರೀ ಪದ್ಮನಾಭಸ್ವಾಮಿಯ ಸನ್ನಿಧಿಗೆ ಹೋಗುವ ಗಂಡಸು ಎಷ್ಟೇ ದೊಡ್ಡ ಅಧಿಕಾರಿಯಾಗಿರಲಿ, ಪಂಚೆಯುಟ್ಟು ಮೈಮೇಲಿನ ಅಂಗಿಯನ್ನು ತೆಗೆದು ಒಳಗೆ ಹೋಗಬೇಕು. ಷರಾಯಿಯಲ್ಲಿ ಬಂದವರಿಗೆ ಅಲ್ಲಿಯೇ ಪಂಚೆ ಬಾಡಿಗೆಗೆ ದೊರೆಯುತ್ತದೆ. ಇದರಿಂದ ಯಾರಿಗೂ ಅವಮಾನವಾಯಿತೆಂದು ನಾವು ಎಣಿಸುವುದಿಲ್ಲ. ಆ ಸ್ಥಳದ ಮರ್ಯಾದೆ ಅದು ಎಂದು ತಿಳಿದು ನಡೆದುಕೊಳ್ಳುತ್ತೇವೆ.

ದೇವಾಲಯಕ್ಕೂ ಹಡಗಿನ ಭೋಜನಶಾಲೆಗೂ ಹೋಲಿಕೆಯೇ ಎಂದು ಯಾರಾದರೂ ಆಕ್ಷೇಪಿಸಬಹುದು. ಒಂದು ಭಕ್ತಿಯ ಸ್ಥಳ, ಇನ್ನೊಂದು ವಿನೋದದ ಸ್ಥಳ, ಒಪ್ಪಿದೆವು. ಆದರೆ ಕಟ್ಟಳೆಯನ್ನು ಮುಂಚಿತವಾಗಿ ತಿಳಿದು ಹೋದವನಿಗೆ ಬಾಗಿಲಲ್ಲಿ ತಡೆಯಿಲ್ಲ, ತಿಳಿಯದೆ ಹೋದವನಿಗೆ ಮಾತ್ರ ಸಂಕೋಚ ಎಂಬ ಮಾತು ಎರಡು ಕಡೆಗೂ ಸಲ್ಲುತ್ತದೆ.

ಗಾಂಧೀಜಿಯವರ ಬಿಳಿಯ ಸೂಟು

ಹಡಗಿನ ಉಡುಪಿನ ವಿಷಯದಲ್ಲಿ ಸಂಕೋಚಪಟ್ಟವರಲ್ಲಿ ನಾವೇ ಮೊದಲಿಗರಲ್ಲ. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟ ಮೋಹನದಾಸ ಗಾಂಧಿಯವರಿಗೆ ಆಗ ಹತ್ತೊಂಬತ್ತು ತುಂಬಿರಲಿಲ್ಲ. ಚಮಚ ಮುಳ್ಳುಗಳ ಬಳಕೆ ತಿಳಿಯದು. ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳುವ ಧೈರ್ಯವೂ ಇಲ್ಲ. ಆದುದರಿಂದ ಊಟದ ಮೇಜಿಗೇ ಹೋಗದೆ, ಮನೆಯಿಂದ ತಂದ ತಿಂಡಿ ಹಣ್ಣುಗಳನ್ನು ತಮ್ಮ ಕೋಣೆಯಲ್ಲಿಯೇ ತಿಂದುಕೊಂಡಿದ್ದರು.

ಹಡಗಿನಲ್ಲಿ ಅವರು ಕಪ್ಪು ಸೂಟನ್ನು ಧರಿಸಿದ್ದರು. ಸ್ನೇಹಿತರು ಕೊಡಿಸಿದ ಬಿಳಿಯ ಫ್ಲಾನೆಲಿನ ಸೂಟನ್ನು ದಡಕ್ಕಿಳಿಯುವ ದಿನಕ್ಕೆಂದು ಜೋಪಾನವಾಗಿ ಇಟ್ಟುಕೊಂಡಿದ್ದರು. ಬಿಳಿಯ ಬಟ್ಟೆಯೇ ತಮಗೆ ಚೆನ್ನಾಗಿ ಒಪ್ಪೀತೆಂದು ಅವರ ಎಣಿಕೆ. ಇಳಿದು ನೋಡಿದರೆ ಸೆಪ್ಟೆಂಬರ್ ತಿಂಗಳ ಕೊನೆ. ಬಿಳಿಯ ಬಟ್ಟೆಯವರು ಅವರೊಬ್ಬರೇ! ಬದಲಾಯಿಸೋಣವೆಂದರೆ ಪೆಟ್ಟಿಗೆಗಳನ್ನೂ ಬೀಗದ ಕೈಗಳನ್ನೂ ಸಾಮಾನು ಸಾಗಿಸುವ ಏಜೆಂಟರಿಗೆ ಒಪ್ಪಿಸಿಬಿಟ್ಟಿದ್ದರು. ಅಂದು ಶನಿವಾರ, ಮರುದಿನ ಭಾನುವಾರ. ಎರಡು ದಿನ ಆ ಬಿಳಿಯ ಉಡುಪಿನಲ್ಲಿಯೇ ನಾಚಿಕೆಯಿಂದ ಕಳೆಯಬೇಕಾಯಿತು. ಅನಂತರ ಲಂಡನ್ನಿನ ಬಾಂಡ್ ಬೀದಿಯಲ್ಲಿ ಹತ್ತು ಪೌಂಡುಗಳಿಗೆ ಸಂಜೆಯ ಸೂಟೊಂದನ್ನು ಹೊಲಿಸಿದರು. ಕನ್ನಡಿಯ ಮುಂದೆ ನಿಂತು ಟೈ ಕಟ್ಟಿಕೊಳ್ಳುವುದರಲ್ಲಿ ದಿನವೂ ಹತ್ತು ನಿಮಿಷ ಕಳೆದರು. ಆ ಹಣ ವ್ಯರ್ಥವಾಯಿತೆಂದು ಮುಂದೆ ಆತ್ಮಕಥೆಯಲ್ಲಿ ತಾವೇ ಒಪ್ಪಿಕೊಂಡಿದ್ದಾರೆ.

ಅದೇ ಗಾಂಧೀಜಿ 1931ರ ಆಗಸ್ಟ್ 29ರಂದು ‘ರಾಜಪುತಾನಾ’ ಹಡಗಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೊರಟಾಗ ತುಂಡು ಪಂಚೆ ಮತ್ತು ಶಾಲಿನಲ್ಲಿದ್ದರು. ಆ ಉಡುಪಿನಲ್ಲಿಯೇ ಬಕಿಂಗ್‌ಹ್ಯಾಂ ಅರಮನೆಗೆ ಹೋಗಿ ದೊರೆಯನ್ನು ಕಂಡು ಬಂದರು. ನಾವೆಲ್ಲರೂ ಹಾಗೆ ಮಾಡಬಲ್ಲೆವೆಂದು ಹೇಳುತ್ತಿಲ್ಲ. ಮಹಾತ್ಮರ ದಾರಿ ಮಹಾತ್ಮರಿಗೆ. ಆದರೆ 1888ರ ಪ್ರಸಂಗದಿಂದ ನಮ್ಮಂಥವರು ಕಲಿಯಬೇಕಾದ ಪಾಠಗಳು ಮೂರು. ಹೋಗುವ ಕಡೆಯ ಹವೆಯನ್ನೂ ರೂಢಿಯನ್ನೂ ಮೊದಲೇ ವಿಚಾರಿಸಬೇಕು. ಬೇಕಾದ ಬಟ್ಟೆಯಿರುವ ಪೆಟ್ಟಿಗೆಯನ್ನು ಕೈಯಿಂದ ಬಿಡಬಾರದು. ಸಂಕೋಚದ ಭರದಲ್ಲಿ ಹಣ ಚೆಲ್ಲಬಾರದು.

ಮೊದಲು ಕೇಳಬೇಕಾದ ಪ್ರಶ್ನೆಗಳು

ಮೊದಲನೆಯ ಪ್ರಶ್ನೆ, ಯಾವ ಹಡಗು? ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಸರ್ಕಾರಿ ಹಡಗುಗಳಲ್ಲಿ ಇಂಥ ಸಂಜೆಗಳಿಲ್ಲ. ಅಲ್ಲಿ ಹತ್ತಿಯ ಬಟ್ಟೆ, ಚಪ್ಪಲಿ, ತಲೆಗೊಂದು ಟೋಪಿ ಇದ್ದರೆ ಸಾಕು. ಪ್ರವೇಶದ ಪರವಾನಗಿ ಪತ್ರವೇ ಅಲ್ಲಿ ಮುಖ್ಯ. ದೊಡ್ಡ ವಿಹಾರ ಹಡಗುಗಳಲ್ಲಿಯೂ ಕಂಪೆನಿಯಿಂದ ಕಂಪೆನಿಗೆ ವ್ಯತ್ಯಾಸವುಂಟು. 2000ದ ಇಸವಿಯಿಂದೀಚೆಗೆ ಉಡುಪಿನ ಕಟ್ಟುಪಾಡನ್ನು ಸಡಿಲಿಸಿದ ಕಂಪೆನಿಗಳೇ ಹೆಚ್ಚು. ಕ್ಯೂನಾರ್ಡಿನಂಥ ಹಳೆಯ ಇಂಗ್ಲಿಷ್ ಕಂಪೆನಿಗಳು ಇನ್ನೂ ಗಾಲಾ ಸಂಜೆಗಳನ್ನು ಬಿಟ್ಟಿಲ್ಲ.

ಎರಡನೆಯದು, ಎಷ್ಟು ಸಂಜೆ? ಏಳು ರಾತ್ರಿಗಳ ಯಾನದಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಇರುತ್ತವೆ. ಅವನ್ನು ಹೆಚ್ಚಾಗಿ ಹಡಗು ಇಡೀ ದಿನ ಕಡಲಿನಲ್ಲಿಯೇ ಇರುವಂದು ಏರ್ಪಡಿಸುತ್ತಾರೆ. ಬಂದರಿನಲ್ಲಿ ತಿರುಗಾಡಿ ದಣಿದು ಬಂದವರಿಗೆ ಅಲಂಕಾರದ ಉತ್ಸಾಹವಿರುವುದಿಲ್ಲವಷ್ಟೆ. ಆದುದರಿಂದ ಯಾನದ ದಿನಚರಿಯನ್ನು ನೋಡಿದರೆ ಆ ಸಂಜೆಗಳು ಯಾವುವೆಂದು ಬಹುಮಟ್ಟಿಗೆ ಊಹಿಸಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ರಾಷ್ಟ್ರೀಯ ಉಡುಪಿಗೆ ಒಪ್ಪಿಗೆಯುಂಟೇ? ಇದನ್ನು ಬಾಯಿಮಾತಿನಲ್ಲಿ ಕೇಳಿ ಬಿಡದೆ, ಬರೆದು ಕೇಳಿ ಬರಹದಲ್ಲಿಯೇ ಉತ್ತರ ಪಡೆಯಬೇಕು. ನಾಲ್ಕನೆಯದು, ಆ ಸಂಜೆ ವಿಶೇಷ ಉಡುಪು ಧರಿಸದವರಿಗೆ ಊಟ ಎಲ್ಲಿ? ಬಹುತೇಕ ಹಡಗುಗಳಲ್ಲಿ ತಾವೇ ಬಡಿಸಿಕೊಂಡು ಉಣ್ಣುವ ಇನ್ನೊಂದು ಊಟದ ಮನೆ ತೆರೆದಿರುತ್ತದೆ. ಅಲ್ಲಿ ಸಾಧಾರಣ ಉಡುಪಿಗೆ ಅಡ್ಡಿಯಿಲ್ಲ. ಹೀಗೆ ಇಷ್ಟವಿಲ್ಲದವನಿಗೂ ಉಪವಾಸದ ಭಯವಿಲ್ಲ. ಐದನೆಯದಾಗಿ, ನಮ್ಮ ಸಸ್ಯಾಹಾರಿ ಬಂಧುಗಳು ಟಿಕೇಟು ಕೊಳ್ಳುವಾಗಲೇ ಆ ಮಾತನ್ನು ಬರೆಯಿಸಿಬಿಡಬೇಕು. ಮೇಜಿನ ಮುಂದೆ ಕುಳಿತ ಮೇಲೆ ಹೇಳುವುದಕ್ಕಿಂತ ಅದು ಎಷ್ಟೋ ಲೇಸು.

ನಮ್ಮ ಟ್ರಂಕಿನಲ್ಲಿಯೇ ಇರುವುದು

ಹೆಂಗಸರ ವಿಷಯದಲ್ಲಿ ಚಿಂತೆಯೇ ಇಲ್ಲ. ಜಗತ್ತಿನ ಯಾವ ಭೋಜನಶಾಲೆಯಲ್ಲಿಯೂ ರೇಷ್ಮೆ ಸೀರೆ ಔಪಚಾರಿಕ ಉಡುಪೇ ಸರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಆರಂಭವಾದ ರೇಷ್ಮೆ ಕಾರ್ಖಾನೆಯ ಸೀರೆ ಒಂದು ಮನೆಯಲ್ಲಿದ್ದರೆ ಅದಕ್ಕಿಂತ ಮಿಗಿಲಾದುದನ್ನು ಹುಡುಕಬೇಕಾಗಿಲ್ಲ. ಮೈಸೂರು ರೇಷ್ಮೆ ಅಷ್ಟು ಬೇಗ ಸುಕ್ಕುಗಟ್ಟದಿರುವುದು ಹಡಗಿನಲ್ಲಿ ಇನ್ನೊಂದು ಅನುಕೂಲ. ಇಲ್ಲಿಯೇ ತಿರುವನಂತಪುರದ ಬಳಿಯ ಬಲರಾಮಪುರದಲ್ಲಿ, ಕೊಚ್ಚಿಗೆ ಸಮೀಪದ ಚೇಂದಮಂಗಲದಲ್ಲಿ ನೇಯುವ ಜರಿಯಂಚಿನ ಕೈಮಗ್ಗದ ಬಟ್ಟೆಯೂ ಅಷ್ಟೇ ಗೌರವಯುತವಾದುದು. ಒಂದು ಹತ್ತಿಯ ಉಡುಪಿ ಸೀರೆ ಹಗಲಿಗೆ, ಒಂದು ರೇಷ್ಮೆ ಸಂಜೆಗೆ, ಇಷ್ಟಾದರೆ ಆಯಿತು. ಭೋಜನಶಾಲೆಯ ಹವಾನಿಯಂತ್ರಣದ ಚಳಿಗೆ ಒಂದು ಶಾಲು, ಅಲುಗುವ ನೆಲದಲ್ಲಿ ಜಾರದ ಪಾದರಕ್ಷೆ, ನಾಲ್ಕು ಪಿನ್ನುಗಳು ಜೊತೆಗಿರಲಿ. ಒಡವೆಯನ್ನೆಲ್ಲ ಹೊತ್ತೊಯ್ಯುವುದು ಮಾತ್ರ ಬೇಡ.

ಗಂಡಸರಿಗೆ ಮೂರು ದಾರಿಗಳಿವೆ. ರಾಷ್ಟ್ರೀಯ ಉಡುಪಿಗೆ ಒಪ್ಪಿಗೆಯಿದ್ದಲ್ಲಿ ಮುಚ್ಚು ಕತ್ತಿನ ಕೋಟು ಎಲ್ಲಕ್ಕಿಂತ ಉತ್ತಮ. ಮೈಸೂರಿನ ದರ್ಬಾರುಗಳಲ್ಲಿ ನಮ್ಮ ಹಿರಿಯರು ಧರಿಸುತ್ತಿದ್ದುದೂ ಈ ಬಗೆಯದೇ. ಟೈ ಬೇಡ, ಬೋ ಬೇಡ. ಮಗನ ಮದುವೆಗೂ ಆದೀತು, ಸಂಘದ ರಾಜ್ಯೋತ್ಸವಕ್ಕೂ ಆದೀತು. ಎರಡನೆಯ ದಾರಿ, ಮದುವೆಗೆ ಹೊಲಿಸಿದ ಗಾಢ ಬಣ್ಣದ ಸೂಟು. ಇಂದು ಬಹುತೇಕ ಹಡಗುಗಳು ಇಷ್ಟಕ್ಕೆ ತೃಪ್ತವಾಗುತ್ತವೆ. ದರ್ಜಿಗೆ ಕೊಟ್ಟು ಹೊಟ್ಟೆಯ ಬಳಿ ಸ್ವಲ್ಪ ಬಿಡಿಸಿಕೊಂಡರೆ ಸರಿಹೋಗುತ್ತದೆ. ಮೂರನೆಯದು ಬಾಡಿಗೆಯ ಸೂಟು. ಮದುವೆಯ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ನಗರಗಳಲ್ಲಿವೆ. ಹೊಸ ಸೂಟಿಗಾಗಿ ಸಾಲ ಮಾಡುವುದು ನಾಲ್ಕನೆಯ ದಾರಿ. ಅದನ್ನು ನಾವು ದಾರಿಯೆಂದೇ ಎಣಿಸುವುದಿಲ್ಲ.

ಸಮಯದ ಲೆಕ್ಕವನ್ನೂ ಹೇಳಿಬಿಡೋಣ. ಮೂರು ತಿಂಗಳ ಮುಂಚೆ ಪತ್ರ ಬರೆದು ವಿಚಾರಿಸುವುದು. ಎರಡು ತಿಂಗಳ ಮುಂಚೆ ದರ್ಜಿಯ ಬಳಿ ಹೋಗುವುದು. ಓಣಂ ಹಬ್ಬದ ಎದುರಿಗೆ ಕೇರಳದ ಯಾವ ದರ್ಜಿಗೂ ಬಿಡುವಿರದೆಂಬುದನ್ನು ನೆನಪಿಡಬೇಕು. ಒಂದು ತಿಂಗಳ ಮುಂಚೆ ಬಟ್ಟೆಯನ್ನೂ ಬೂಟನ್ನೂ ಒಮ್ಮೆ ಧರಿಸಿ, ಕುಳಿತು, ಎದ್ದು, ಉಂಡು ನೋಡುವುದು. ಹೊಸ ಬೂಟನ್ನು ಹಡಗಿನಲ್ಲಿಯೇ ಮೊದಲು ಹಾಕಿದವನು ಊಟದ ರುಚಿಯನ್ನು ಅರಿಯಲಾರ.

ಪೆಟ್ಟಿಗೆ ಕಟ್ಟುವ ಬಗೆ

ಕೊಚ್ಚಿಯ ಬಂದರನ್ನು ಕಟ್ಟಿದ ರಾಬರ್ಟ್ ಬ್ರಿಸ್ಟೋ ಅವರ ಶ್ರಮದಿಂದ 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಮೊದಲ ಬಾರಿಗೆ ಒಳಬಂದರನ್ನು ಪ್ರವೇಶಿಸಿತು. ಅದಕ್ಕೆ ಮೊದಲು ದೊಡ್ಡ ಹಡಗುಗಳು ಹೊರಗಿನ ಕಡಲಿನಲ್ಲಿಯೇ ನಿಲ್ಲುತ್ತಿದ್ದವು. ಜನರೂ ಪೆಟ್ಟಿಗೆಗಳೂ ದೋಣಿಗಳಲ್ಲಿ ತೊಯ್ದುಕೊಂಡು ಹೋಗಬೇಕಾಗಿತ್ತು. ಹೂಳೆತ್ತಿದ ಮಣ್ಣಿನಿಂದ ನಿರ್ಮಿತವಾದ ವಿಲ್ಲಿಂಗ್ಡನ್ ದ್ವೀಪದಲ್ಲಿ ಈಗ ಪ್ರವಾಸಿ ಹಡಗುಗಳಿಗೆಂದೇ ‘ಸಾಗರಿಕಾ’ ಎಂಬ ನಿಲ್ದಾಣವಿದೆ. 2021ರ ಫೆಬ್ರವರಿ 14ರಂದು ಅದರ ಉದ್ಘಾಟನೆಯಾಯಿತು. ತಿರುವನಂತಪುರದ ಬಳಿಯ ವಿಳಿಞ್ಞಂ ಬಂದರು 2025ರ ಮೇ 2ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತಾದರೂ ಅದು ಸರಕಿನ ಪೆಟ್ಟಿಗೆಗಳ ಹಡಗುಗಳಿಗಾಗಿ ಕಟ್ಟಿದುದು. ಹೀಗಾಗಿ ತಿರುವನಂತಪುರದವರು ಸುಮಾರು ಇನ್ನೂರು ಕಿಲೋಮೀಟರು ರೈಲಿನಲ್ಲಿ ಬಂದು ಕೊಚ್ಚಿಯಲ್ಲಿಯೇ ಹಡಗು ಹತ್ತಬೇಕು. ಅವರು ಹಿಂದಿನ ದಿನವೇ ಬಂದು ತಂಗುವುದು ಕ್ಷೇಮ.

ನಿಲ್ದಾಣದಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಚೀಟಿ ಕಟ್ಟಿ ಒಪ್ಪಿಸಬೇಕು. ಅವು ನಮ್ಮ ಕೋಣೆಯನ್ನು ತಲಪುವ ಹೊತ್ತಿಗೆ ರಾತ್ರಿಯಾಗಬಹುದು. ಆದುದರಿಂದ ಔಷಧ, ಕಾಗದಪತ್ರ, ಮೊದಲ ಸಂಜೆಯ ಬಟ್ಟೆ, ಇವು ಕೈಚೀಲದಲ್ಲಿಯೇ ಇರಲಿ. ಗಾಂಧೀಜಿಯವರ ಪೆಟ್ಟಿಗೆಯ ಪ್ರಸಂಗವನ್ನು ಮರೆಯಬಾರದು. ಬೆಂಕಿಯ ಭಯದಿಂದ ಹಡಗುಗಳಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಕೋಣೆಯೊಳಗೆ ಬಿಡುವುದಿಲ್ಲ. ಮನೆಯಿಂದ ಒಯ್ದರೆ ಬಾಗಿಲಲ್ಲಿಯೇ ತೆಗೆದಿಟ್ಟುಕೊಳ್ಳುತ್ತಾರೆ. ಇಸ್ತ್ರಿ ಮಾಡಿಸಿಕೊಳ್ಳಬಹುದು, ಆದರೆ ಅದಕ್ಕೆ ಪ್ರತ್ಯೇಕ ಹಣ. ಕೋಟನ್ನು ಒಳಮೈ ಹೊರಗಾಗುವಂತೆ ಮಡಿಸಿ, ನಡುವೆ ಮೆತ್ತನೆಯ ಪಂಚೆಯನ್ನಿಟ್ಟು ಕಟ್ಟಿದರೆ ಸುಕ್ಕು ಕಡಮೆ.

ಕೊನೆಯ ರಾತ್ರಿಯ ಮಾತೊಂದಿದೆ. ಅಂದು ಪೆಟ್ಟಿಗೆಗಳನ್ನೆಲ್ಲ ಕಟ್ಟಿ ಕೋಣೆಯ ಹೊರಗಿಡಬೇಕೆಂದು ಹೇಳುತ್ತಾರೆ; ಬೆಳಗಾಗುವಷ್ಟರಲ್ಲಿ ಅವು ದಡಕ್ಕೆ ಹೋಗಿರುತ್ತವೆ. ಮರುದಿನ ಉಟ್ಟು ಇಳಿಯಬೇಕಾದ ಬಟ್ಟೆಯನ್ನೂ ಉತ್ಸಾಹದಿಂದ ಪೆಟ್ಟಿಗೆಗೆ ಸೇರಿಸಿಬಿಟ್ಟರೆ, ರಾತ್ರಿಯ ಉಡುಪಿನಲ್ಲಿಯೇ ಕೊಚ್ಚಿಯ ನೆಲವನ್ನು ಮೆಟ್ಟಬೇಕಾದೀತು!

ಮೇಜಿನ ಆಚೆಯ ಬದಿಯವರು

ಈ ಸಂಜೆಗಳಿಗೆ ಇನ್ನೊಂದು ಮುಖವಿದೆ. ನಾವು ಹೋಟೆಲಿನವರಾದುದರಿಂದ ಅದನ್ನು ಮರೆಯಲಾಗದು. ಪ್ರಯಾಣಿಕರು ಅಲಂಕರಿಸಿಕೊಂಡು ಕುಳಿತ ರಾತ್ರಿ, ಬಡಿಸುವವರ ಉಡುಪಿನಲ್ಲಿ ಒಂದು ಗುಂಡಿಯೂ ಸಡಿಲವಿರಕೂಡದು. ನಮ್ಮ ಕರಾವಳಿಯ ಹುಡುಗರು ಅನೇಕರು ಇಂಥ ಹಡಗುಗಳಲ್ಲಿ ಕೆಲಸಕ್ಕಿದ್ದಾರೆ. ಹೋಗಬೇಕೆಂದು ಆಸೆಪಡುವವರು ಇನ್ನೂ ಹೆಚ್ಚು. ಅವರಿಗೆ ಒಂದು ಮಾತು. 2006ರ ಕಡಲ ಕಾರ್ಮಿಕ ಒಡಂಬಡಿಕೆಯನ್ನು ಭಾರತ 2015ರಲ್ಲಿ ಅಂಗೀಕರಿಸಿದೆ. ಅದರ ಪ್ರಕಾರ, ಹಡಗಿನಲ್ಲಿ ಕೆಲಸ ಕೊಡಿಸಿದ್ದಕ್ಕೆಂದು ಏಜೆಂಟನು ಅಭ್ಯರ್ಥಿಯಿಂದ ಶುಲ್ಕ ವಸೂಲು ಮಾಡತಕ್ಕದ್ದಲ್ಲ. ವೈದ್ಯಕೀಯ ಪ್ರಮಾಣಪತ್ರ, ನಾವಿಕನ ಪುಸ್ತಕ, ಪಾಸ್‌ಪೋರ್ಟು, ಇವುಗಳ ವೆಚ್ಚ ಮಾತ್ರ ಅಭ್ಯರ್ಥಿಯ ಮೇಲೆ ಬೀಳಬಹುದು. ಏಜೆಂಟನಿಗೆ ಕೇಂದ್ರ ಸರ್ಕಾರದ ಪರವಾನಗಿಯುಂಟೇ ಎಂದು ನೋಡದೆ ಯಾರಿಗೂ ಹಣ ಕೊಡಬೇಡಿ.

ಆ ಹಿರಿಯರ ವಿಷಯ ಹೇಳಿ ಮುಗಿಸುತ್ತೇವೆ. ಅವರ ಮಗನು ಹಡಗಿನ ಕಂಪೆನಿಗೆ ಬರೆದು ಕೇಳಿದನು. ರಾಷ್ಟ್ರೀಯ ಉಡುಪು ಸ್ವಾಗತಾರ್ಹವೆಂದು ಉತ್ತರ ಬಂತು. ಟ್ರಂಕಿನಲ್ಲಿದ್ದ ಜರಿಯಂಚಿನ ರೇಷ್ಮೆ ಪಂಚೆ ಸಿದ್ಧವಾಯಿತು. ಅದರ ಮೇಲೆ ಹಾಕಲು ಮುಚ್ಚು ಕತ್ತಿನ ಕೆನೆಬಣ್ಣದ ಕೋಟೊಂದನ್ನು ಮಾತ್ರ ಹೊಲಿಸಿದರು. ಚಿಟ್ಟಿಯ ಹಣಕ್ಕೆ ಕೈ ಹಾಕಬೇಕಾಗಲಿಲ್ಲ. ಅವರ ಮನೆಯವರು ಮಗಳ ಮದುವೆಗೆ ಉಟ್ಟಿದ್ದ ಸೀರೆಯನ್ನೇ ಉಟ್ಟರು.

ಹಿಂದಿರುಗಿದ ಮೇಲೆ ಅವರು ಬಂದು ಕುಳಿತು ಎಲ್ಲವನ್ನೂ ವರ್ಣಿಸಿದರು. ಕಡಲು, ಸಂಗೀತ, ದೀಪಗಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ನಮ್ಮ ಮೇಜಿಗೆ ಬಡಿಸಿದವನು ಕುಂದಾಪುರದ ಕಡೆಯ ಹುಡುಗ ಮಾರಾಯರೇ. ನನ್ನ ಪಂಚೆ ನೋಡಿ, ಮೆಲ್ಲಗೆ ‘ಊರು ಯಾವುದು?’ ಎಂದು ಕನ್ನಡದಲ್ಲೇ ಕೇಳಿದ. ಸೂಟು ಹಾಕಿಕೊಂಡು ಹೋಗಿದ್ದರೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಊಟವಾದ ಮೇಲೆ ನನ್ನ ತಟ್ಟೆ ನಾನೇ ಎತ್ತಲಿಕ್ಕೆ ಹೋದೆ, ಕೈಗೆ ರೂಢಿ ನೋಡಿ. ಅವನು ಬಿಡಲಿಲ್ಲ. ‘ನೀವು ಕೂತುಕೊಳ್ಳಿ, ಇವತ್ತು ನನ್ನ ಸರದಿ’ ಅಂದ.”

ಊರಿನ ಮನೆಯ ಮಾಡಿನ ಕೆಲಸ ಈ ಮಳೆಗಾಲಕ್ಕೆ ಮೊದಲೇ ಮುಗಿಯಿತಂತೆ.